ಮೇಲೆ ಬಂದ ತಂಡ ವಾಪಸ್ ಹೋಗಲೇಬೇಕಾ?

ಭದ್ರಾವತಿ, 25 ಆಗಸ್ಟ್ 2025

ಮಾನ್ಯ ಸಂಪಾದಕರೇ,

ಇಂಗ್ಲೆಂಡಿನ ಫುಟ್‌ಬಾಲ್‌ನ ಮೊದಲ ಹಂತವಾದ ಪ್ರೀಮಿಯರ್ ಲೀಗ್ ಶುರುವಾಗುವ ಮೊದಲು ನಿಮ್ಮ ಕ್ರೀಡಾ ಪುಟದಲ್ಲಿ ಒಂದು ಮುನ್ನೋಟ ಬಂದಿತ್ತು. ಪ್ರತಿ ವರ್ಷ ಪಟ್ಟಿಯ ಕೊನೆಯ ಮೂರು ತಂಡ ಎರಡನೇ ಹಂತಕ್ಕೆ ಇಳಿಯುತ್ತವೆ, ಅಲ್ಲಿಂದ ಮೂರು ಬಡ್ತಿ ಪಡೆದು ಮೇಲೆ ಬರುತ್ತವೆ. ಈ ಸಲ ಹಾಗೆ ಬಡ್ತಿ ಪಡೆದು ಬಂದಿರುವ ಲೀಡ್ಸ್, ಬರ್ನ್ಲಿ, ಸಂಡರ್‌ಲ್ಯಾಂಡ್ ಮೂರೂ ಮುಂದಿನ ಮೇ ತಿಂಗಳಲ್ಲಿ ಕೆಳಗಿಳಿಯುತ್ತವೆ, ಅದರಲ್ಲೂ ಸಂಡರ್‌ಲ್ಯಾಂಡ್ ಕಟ್ಟಕಡೆಗೆ ನಿಲ್ಲುತ್ತದೆ ಅಂತ ಅದರಲ್ಲಿತ್ತು. ಕೊಟ್ಟ ಕಾರಣ ಒಂದೇ. ಕಳೆದ ಎರಡು ವರ್ಷ ಹಾಗೇ ಆಗಿದೆ. ಆ ಒಂದು ಕಾರಣ ಸಾಲದು ಅಂತ ಹೇಳೋದಕ್ಕೆ ಈ ಪತ್ರ ಬರೆಯುತ್ತಿದ್ದೇನೆ. ಕನ್ನಡ ಪತ್ರಿಕೆಗಳಲ್ಲಿ ಫುಟ್‌ಬಾಲ್ ಬಗ್ಗೆ ಬರುವುದೇ ಕಡಿಮೆ. ಬಂದಾಗಲಾದರೂ ಪೂರ್ತಿ ಬರಲಿ ಅನ್ನೋದು ನನ್ನ ಆಸೆ. ನಮ್ಮ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಶನಿವಾರ ಸಂಜೆ ಏಳೂವರೆ ಆದರೆ ಫೋನ್ ಹಿಡಿದು ಮ್ಯಾಚ್ ನೋಡುವ ಹುಡುಗ ಹುಡುಗಿಯರು ಈಗ ಬೇಕಾದಷ್ಟು ಜನ ಇದ್ದಾರೆ, ಅವರೂ ನಿಮ್ಮ ಪತ್ರಿಕೆ ಓದುತ್ತಾರೆ.

ಆ ಎರಡು ವರ್ಷದ ಲೆಕ್ಕ ಸುಳ್ಳಲ್ಲ. 2023-24ರಲ್ಲಿ ಮೇಲೆ ಬಂದ ಲೂಟನ್ 26 ಪಾಯಿಂಟ್, ಬರ್ನ್ಲಿ 24, ಶೆಫೀಲ್ಡ್ ಯುನೈಟೆಡ್ ಬರೀ 16 ಪಾಯಿಂಟ್ ಗಳಿಸಿ ಮೂರೂ ವಾಪಸ್ ಹೋದವು. ಶೆಫೀಲ್ಡ್ ಅಂತೂ 104 ಗೋಲು ಬಿಟ್ಟುಕೊಟ್ಟಿತು, 38 ಪಂದ್ಯಗಳ ಪ್ರೀಮಿಯರ್ ಲೀಗ್ ಸೀಸನ್‌ನಲ್ಲಿ ಅಷ್ಟು ಗೋಲು ಅಲ್ಲಿಯತನಕ ಯಾರೂ ಬಿಟ್ಟಿರಲಿಲ್ಲ. ಮರುವರ್ಷ ಲೆಸ್ಟರ್ 25, ಇಪ್ಸ್‌ವಿಚ್ 22, ಸೌತಾಂಪ್ಟನ್ 12. ಸೌತಾಂಪ್ಟನ್ ಇನ್ನೂ ಏಳು ಪಂದ್ಯ ಬಾಕಿ ಇರುವಾಗಲೇ ಕೆಳಗಿಳಿದಾಗಿತ್ತು. ಇದೆಲ್ಲ ನಿಜ. ಆದರೆ ಅದರ ಹಿಂದಿನ ವರ್ಷ, 2022-23ರಲ್ಲಿ, ಫುಲಮ್, ಬೋರ್ನ್‌ಮತ್, ನಾಟಿಂಗ್‌ಹ್ಯಾಮ್ ಫಾರೆಸ್ಟ್ ಮೂರೂ ಉಳಿದುಕೊಂಡವಲ್ಲ, ಅದನ್ನು ಯಾಕೆ ಬರೆಯಲಿಲ್ಲ? 1992ರಲ್ಲಿ ಪ್ರೀಮಿಯರ್ ಲೀಗ್ ಶುರುವಾದಾಗಿನಿಂದ ನೋಡಿದರೆ ಬಡ್ತಿ ಪಡೆದ ಮೂರೂ ತಂಡ ಒಟ್ಟಿಗೆ ಬಿದ್ದದ್ದು ಮೂರು ಸಲ. 1997-98ರಲ್ಲಿ ಒಮ್ಮೆ, ಆಮೇಲೆ ಈ ಎರಡು ಸಲ. ಮೂರೂ ಒಟ್ಟಿಗೆ ಉಳಿದದ್ದು ನಾಲ್ಕು ಸಲ: 2001-02, 2011-12, 2017-18, 2022-23. ಎರಡು ವರ್ಷ ಸತತವಾಗಿ ಆಯಿತು ಅಂದ ಮಾತ್ರಕ್ಕೆ ಅದು ನಿಯಮ ಆಗಲ್ಲ.

ಬಿದ್ದವರು ಯಾಕೆ ಬಿದ್ದರು ಅಂತ ಒಂದೊಂದಾಗಿ ನೋಡಿದರೆ ಎಲ್ಲರ ಕಥೆ ಬೇರೆ ಬೇರೆ. ಲೂಟನ್ 2014ರ ತನಕ ಐದನೇ ಹಂತದಲ್ಲಿ ಆಡುತ್ತಿದ್ದ ಕ್ಲಬ್. ಅವರ ಮೈದಾನದಲ್ಲಿ ಸುಮಾರು ಹನ್ನೆರಡು ಸಾವಿರ ಜನ ಹಿಡಿಸಿದರೆ ಹೆಚ್ಚು, ಒಂದು ಕಡೆ ಪ್ರೇಕ್ಷಕರು ಸಾಲು ಮನೆಗಳ ಸಂದಿಯಿಂದ ಒಳಗೆ ಹೋಗಬೇಕು. ಅವರು ಕೈಮೀರಿ ಖರ್ಚು ಮಾಡಲಿಲ್ಲ, ಆದಷ್ಟು ಹೋರಾಡಿ ಕೆಳಗಿಳಿದರು. ಬರ್ನ್ಲಿ ಕಥೆ ಇದಕ್ಕೆ ಪೂರ್ತಿ ಉಲ್ಟಾ. ವಿನ್ಸೆಂಟ್ ಕೊಂಪನಿ ಕೋಚ್ ಆಗಿದ್ದಾಗ ಎರಡನೇ ಹಂತದಲ್ಲಿ 101 ಪಾಯಿಂಟ್ ಗಳಿಸಿ ಬಂದವರು, ಚೆಂಡನ್ನು ಗೋಲ್‌ಕೀಪರ್‌ನಿಂದಲೇ ಸಣ್ಣ ಸಣ್ಣ ಪಾಸ್ ಮಾಡುತ್ತಾ ಮೇಲೆ ತರುವ ಆಟ ಅವರದ್ದು. ಕೆಳಗಿನ ಹಂತದಲ್ಲಿ ಎದುರಾಳಿ ಆ ಪಾಸ್ ಕದಿಯಲು ಓಡಿ ಬರುವಷ್ಟರಲ್ಲಿ ಚೆಂಡು ಮುಂದಕ್ಕೆ ಹೋಗಿರುತ್ತಿತ್ತು. ಮೇಲಿನ ಹಂತದಲ್ಲಿ ಮ್ಯಾಂಚೆಸ್ಟರ್ ಸಿಟಿ, ಆರ್ಸೆನಲ್‌ನಂಥವರ ಮುಂದೆ ಆ ಅರ್ಧ ಸೆಕೆಂಡ್ ಸಿಗಲ್ಲ, ಪಾಸ್ ತಪ್ಪಿದರೆ ನೇರ ಗೋಲು. ಕೊಂಪನಿ ಆಟ ಬದಲಿಸಲಿಲ್ಲ. ಮರುವರ್ಷ ಸೌತಾಂಪ್ಟನ್‌ನಲ್ಲಿ ರಸೆಲ್ ಮಾರ್ಟಿನ್ ಕೂಡ ಹಾಗೇ ಆಡಿಸಿದರು, ಡಿಸೆಂಬರ್‌ನಲ್ಲಿ ಕೆಲಸ ಕಳೆದುಕೊಂಡರು. ಇಪ್ಸ್‌ವಿಚ್ ಸತತ ಎರಡು ಬಡ್ತಿ ಪಡೆದು ಮೂರನೇ ಹಂತದಿಂದ ನೇರ ಮೊದಲ ಹಂತಕ್ಕೆ ಬಂದ ತಂಡ. ದುಡ್ಡು ಚೆನ್ನಾಗಿಯೇ ಸುರಿದರು, ಆದರೆ ಕೊಂಡವರಲ್ಲಿ ಬಹಳ ಜನ ಎರಡನೇ ಹಂತದಲ್ಲಿ ಹೆಸರು ಮಾಡಿದವರು, ಅವರೂ ಮೇಲಿನ ಆಟ ಅಲ್ಲೇ ಕಲಿಯಬೇಕಿತ್ತು. ಇಷ್ಟು ಬೇರೆ ಬೇರೆ ಕಾರಣಗಳನ್ನು ‘ಬಂದವರು ಹೋಗುತ್ತಾರೆ’ ಅನ್ನುವ ಒಂದು ಸಾಲಿನಲ್ಲಿ ಮುಗಿಸಿಬಿಟ್ಟರೆ ಓದುಗರಿಗೆ ಏನು ಸಿಕ್ಕಿತು ಹೇಳಿ.

ಹಣದ ವಿಷಯವನ್ನಂತೂ ನೀವು ಬಿಡಲೇಬಾರದಿತ್ತು, ಯಾಕೆಂದರೆ ಇಡೀ ಕಥೆಯ ಬೇರು ಅಲ್ಲಿದೆ. ಪ್ರೀಮಿಯರ್ ಲೀಗ್‌ನಲ್ಲಿ ಕೊನೆಯ ಸ್ಥಾನಕ್ಕೆ ಬಂದರೂ ಒಂದು ವರ್ಷಕ್ಕೆ ಲೀಗ್‌ನಿಂದ 100 ಮಿಲಿಯನ್ ಪೌಂಡ್‌ಗಿಂತ ಜಾಸ್ತಿ ಬರುತ್ತದೆ, ನಮ್ಮ ಲೆಕ್ಕದಲ್ಲಿ 1,100 ಕೋಟಿ ರೂಪಾಯಿಗೂ ಮೇಲೆ. ಕೆಳಗಿಳಿದರೂ ಬರಿಗೈಯಲ್ಲಿ ಹೋಗಲ್ಲ. ಟಿವಿ ಹಣದಲ್ಲಿ ಎಲ್ಲ ಕ್ಲಬ್‌ಗಳಿಗೂ ಸಮನಾಗಿ ಹಂಚುವ ಪಾಲಿನ ಶೇ 55 ಮೊದಲ ವರ್ಷ, ಶೇ 45 ಎರಡನೇ ವರ್ಷ ಸಿಗುತ್ತದೆ. ಮೇಲೆ ಒಂದಕ್ಕಿಂತ ಜಾಸ್ತಿ ಸೀಸನ್ ಇದ್ದಿದ್ದರೆ ಮೂರನೇ ವರ್ಷವೂ ಶೇ 20. ಇದಕ್ಕೆ ಪ್ಯಾರಾಚೂಟ್ ಹಣ ಅನ್ನುತ್ತಾರೆ. ಬರ್ನ್ಲಿ 2022ರಲ್ಲಿ ಇಳಿದು 2023ರಲ್ಲಿ ಹತ್ತಿ 2024ರಲ್ಲಿ ಇಳಿದು 2025ರಲ್ಲಿ ಮತ್ತೆ ಹತ್ತಿದ್ದರ ಹಿಂದೆ ಈ ಹಣವೂ ಇದೆ. ಇನ್ನೊಂದು ಕಡೆ ನಷ್ಟಕ್ಕೆ ಮಿತಿ ಇದೆ. ಮೊದಲ ಹಂತದಲ್ಲಿ ಇರುವ ಕ್ಲಬ್ ಮೂರು ವರ್ಷದಲ್ಲಿ 105 ಮಿಲಿಯನ್ ಪೌಂಡ್ ತನಕ ನಷ್ಟ ತೋರಿಸಬಹುದು, ಅಂದರೆ ವರ್ಷಕ್ಕೆ 35. ಎರಡನೇ ಹಂತದಲ್ಲಿದ್ದ ಪ್ರತಿ ವರ್ಷಕ್ಕೆ ಬರೀ 13. ಎರಡು ವರ್ಷ ಕೆಳಗಿದ್ದು ಈಗ ಬಂದ ಕ್ಲಬ್‌ಗೆ 13, 13, 35 ಸೇರಿ 61 ಮಿಲಿಯನ್ ಮಾತ್ರ. ಅದೇ ಲೀಗ್, ಅದೇ 38 ಪಂದ್ಯ, ಆದರೆ ಹೊಸಬರಿಗೆ ಕೈ ಕಟ್ಟಿ ಹಾಕಿದ ಹಾಗೆ. ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ದೊಡ್ಡ ಕ್ಲಬ್‌ಗಳು ಸಾಲದಲ್ಲಿ ಮುಳುಗದಿರಲಿ ಅಂತ ತಂದ ನಿಯಮ ಕೊನೆಗೆ ಸಣ್ಣವರ ಬಾಗಿಲಿಗೆ ಅಗುಳಿ ಹಾಕಿದೆ.

ಹಾಗಾದರೆ ಸಂಡರ್‌ಲ್ಯಾಂಡ್ ಈ ಬೇಸಿಗೆಯಲ್ಲಿ ಇಷ್ಟೊಂದು ಜನರನ್ನು ಹೇಗೆ ತಂದಿತು? ಒಬ್ಬ ಆಟಗಾರನಿಗೆ 30 ಮಿಲಿಯನ್ ಕೊಟ್ಟು ಐದು ವರ್ಷದ ಒಪ್ಪಂದ ಮಾಡಿಕೊಂಡರೆ ಲೆಕ್ಕದ ಪುಸ್ತಕದಲ್ಲಿ ವರ್ಷಕ್ಕೆ ಆರು ಮಿಲಿಯನ್ ಅಂತಲೇ ಬರುತ್ತದೆ. ಮಾರಿದರೆ ಮಾತ್ರ ಬಂದ ಲಾಭ ಆ ವರ್ಷವೇ ಪೂರ್ತಿ ಬರುತ್ತದೆ. ಜೋಬ್ ಬೆಲ್ಲಿಂಗ್‌ಹ್ಯಾಮ್ ಅವರನ್ನು ಜೂನ್‌ನಲ್ಲೇ ಡಾರ್ಟ್‌ಮಂಡ್‌ಗೆ ಕೊಟ್ಟದ್ದರಿಂದ ಕೈ ಸಡಿಲವಾಯಿತು. ಆ ಹಣದಲ್ಲಿ ಏನು ಕೊಂಡರು ನೋಡಿ. ಸ್ಟ್ರಾಸ್‌ಬರ್ಗ್‌ನಿಂದ ಹಬೀಬ್ ಡಿಯಾರಾ, ಬೆಲ್ಜಿಯಂನಿಂದ ನೋವಾ ಸದಿಕಿ, ಬ್ರೈಟನ್‌ನಿಂದ ಸೈಮನ್ ಅಡಿಂಗ್ರಾ, ಗೋಲಿನ ಕಂಬಗಳ ಮಧ್ಯೆ ನೆದರ್ಲೆಂಡ್ಸ್‌ನ ರಾಬಿನ್ ರೂಫ್ಸ್, ಹಿಂದೆ ಎಡಗಡೆಗೆ ಅಟ್ಲೆಟಿಕೊ ಮ್ಯಾಡ್ರಿಡ್‌ನಲ್ಲಿದ್ದ ರೈನಿಲ್ಡೊ. ಎಲ್ಲಕ್ಕಿಂತ ಮುಖ್ಯವಾಗಿ ಮಧ್ಯದಲ್ಲಿ ಗ್ರಾನಿಟ್ ಜಾಕಾ, 32 ವರ್ಷ, ವರ್ಷಗಟ್ಟಲೆ ಆರ್ಸೆನಲ್‌ನಲ್ಲಿ ಆಡಿದವರು, 2023-24ರಲ್ಲಿ ಲೆವರ್ಕುಸೆನ್ ಒಂದೂ ಪಂದ್ಯ ಸೋಲದೆ ಜರ್ಮನ್ ಲೀಗ್ ಗೆದ್ದಾಗ ಆ ತಂಡದ ನಡುಮಧ್ಯೆ ನಿಂತವರು. ಇಪ್ಸ್‌ವಿಚ್ ಮಾಡದ ಕೆಲಸ ಇದು. ಹುಡುಗರ ಪಕ್ಕದಲ್ಲಿ, ಮೇಲಿನ ಆಟ ನೂರಾರು ಸಲ ಆಡಿ ಗೊತ್ತಿರುವ ಒಬ್ಬ ಹಿರಿಯನನ್ನು ತಂದು ನಿಲ್ಲಿಸುವುದು. ನನ್ನ ಪ್ರಕಾರ ಈ ಒಂದು ಖರೀದಿಯೇ ಹತ್ತು ಪಾಯಿಂಟ್‌ಗೆ ಸಮ.

ಆಗಸ್ಟ್ 16ರಂದು ವೆಸ್ಟ್ ಹ್ಯಾಮ್ ವಿರುದ್ಧ ಏನಾಯಿತು ಅಂತ ನಿಮ್ಮ ಪುಟದಲ್ಲಿ ಮೂರು ಸಾಲು ಬಂದಿತ್ತು. 3-0 ಗೆಲುವು. ಒಂದು ಗಂಟೆ ತನಕ ಗೋಲೇ ಇರಲಿಲ್ಲ, ಆಮೇಲೆ ಮಯೆಂಡಾ ಹೆಡರ್, ಬಲ್ಲಾರ್ಡ್ ಹೆಡರ್, ಕೊನೆಯಲ್ಲಿ ಇಸಿಡೋರ್. ಮೂರು ಗೋಲು ಹೊಡೆದವರೂ ಹೊಸದಾಗಿ ಕೊಂಡವರಲ್ಲ, ಕಳೆದ ವರ್ಷ ಎರಡನೇ ಹಂತದಲ್ಲಿ ಇದೇ ಕ್ಲಬ್‌ಗೆ ಆಡಿದವರು. ಹೊಸಬರು ಗೋಡೆ ಕಟ್ಟಿದರು, ಹಳಬರು ಗೋಲು ಹೊಡೆದರು. ಇದನ್ನು ಒಂದು ಪ್ಯಾರಾ ಬರೆಯಬಹುದಿತ್ತು ಅಲ್ವಾ? ಮೊನ್ನೆ ಶನಿವಾರ ಬರ್ನ್ಲಿಯಲ್ಲಿ 2-0 ಸೋತರು, ಅದೂ ನಿಜ. ತವರಿನ ಹೊರಗೆ ಈ ತಂಡ ಒದ್ದಾಡುತ್ತದೆ ಅಂತ ನನಗೂ ಅನಿಸುತ್ತದೆ. ಆದರೆ ಒಂದು ಸೋಲಿಗೆ ‘ಹೇಳಿರಲಿಲ್ವಾ’ ಅಂತ ಶುರು ಮಾಡುವುದು ಬೇಡ.

ಈ ತಂಡವನ್ನು ಎಲ್ಲರೂ ಕೊನೆಗೆ ಹಾಕಿದ್ದಕ್ಕೆ ಕಾರಣ ಕಳೆದ ವರ್ಷದ ಪಟ್ಟಿ. ಲೀಡ್ಸ್, ಬರ್ನ್ಲಿ ತಲಾ 100 ಪಾಯಿಂಟ್ ಗಳಿಸಿ ಬಂದವು. ಸಂಡರ್‌ಲ್ಯಾಂಡ್ 76ಕ್ಕೆ ನಾಲ್ಕನೇ ಸ್ಥಾನ, ಅದೂ ಕೊನೆಯ ಐದು ಪಂದ್ಯ ಸತತ ಸೋತು. ಮೂರನೇ ಬಡ್ತಿ ಯಾರಿಗೆ ಅಂತ ತೀರ್ಮಾನಿಸುವ ಪ್ಲೇಆಫ್ ಪಂದ್ಯಗಳಲ್ಲಿ ಕೊವೆಂಟ್ರಿ ವಿರುದ್ಧ ಬಲ್ಲಾರ್ಡ್ 122ನೇ ನಿಮಿಷದಲ್ಲಿ ತಲೆಯಿಂದ ಹೊಡೆದ ಗೋಲಿನಿಂದ ಉಳಿದರು. ಮೇ 24ರಂದು ವೆಂಬ್ಲಿಯಲ್ಲಿ, ತಮಗಿಂತ 14 ಪಾಯಿಂಟ್ ಮೇಲಿದ್ದ ಶೆಫೀಲ್ಡ್ ಯುನೈಟೆಡ್ ಎದುರು ಒಂದು ಗೋಲು ಹಿಂದಿದ್ದು, ಮಯೆಂಡಾ ಸಮ ಮಾಡಿ, 95ನೇ ನಿಮಿಷದಲ್ಲಿ ಟಾಮ್ ವಾಟ್ಸನ್ ಗೆಲ್ಲಿಸಿದರು. ಆ ಹುಡುಗ ಆಗಲೇ ಬ್ರೈಟನ್‌ಗೆ ಹೋಗುವುದು ನಿಶ್ಚಯವಾಗಿತ್ತು. ತಾನು ಇನ್ನು ಆಡದ ತಂಡವನ್ನು ಮೇಲಿನ ಲೀಗ್‌ಗೆ ಹತ್ತಿಸಿ ಹೋದ. ಇಂಥ ಪಂದ್ಯಗಳನ್ನು ಗೆದ್ದು ಬಂದವರಿಗೆ ಒತ್ತಡ ಹೊಸದಲ್ಲ. ಅದಕ್ಕಿಂತ ಮುಖ್ಯವಾದ ಮಾತು, ಮೇ ತಿಂಗಳ ಆ ತಂಡವೇ ಬೇರೆ, ಆಗಸ್ಟ್‌ನ ಈ ತಂಡವೇ ಬೇರೆ. 76 ಪಾಯಿಂಟ್ ಗಳಿಸಿದ ಹನ್ನೊಂದು ಜನರಲ್ಲಿ ಹಲವರು ಈಗ ಆಡುತ್ತಿಲ್ಲ.

ಇದೇ ಕ್ಲಬ್‌ನ ಚರಿತ್ರೆಯಲ್ಲಿ ಎರಡೂ ತುದಿ ಇವೆ. 1999ರಲ್ಲಿ 105 ಪಾಯಿಂಟ್ ಗಳಿಸಿ ಮೇಲೆ ಬಂದವರು ಮೊದಲ ವರ್ಷವೇ ಏಳನೇ ಸ್ಥಾನ. ಆ ವರ್ಷ ಕೆವಿನ್ ಫಿಲಿಪ್ಸ್ 30 ಗೋಲು ಹೊಡೆದು ಇಡೀ ಯುರೋಪಿನ ಗೋಲ್ಡನ್ ಶೂ ಗೆದ್ದರು. ಮತ್ತೆ 2005ರಲ್ಲಿ ಮೇಲೆ ಬಂದಾಗ ಬರೀ 15 ಪಾಯಿಂಟ್‌ಗೆ ವಾಪಸ್. 2017ರಲ್ಲಿ ಬಿದ್ದು, 2018ರಲ್ಲಿ ಇನ್ನೂ ಒಂದು ಹಂತ ಬಿದ್ದು, ಮೂರನೇ ಹಂತದಲ್ಲಿ ನಾಲ್ಕು ವರ್ಷ ಕಳೆದರು. ಕೊರೋನಾದಿಂದ ಮೈದಾನ ಮುಚ್ಚಿದ್ದ ಕಾಲ ಬಿಟ್ಟರೆ ಆ ವರ್ಷಗಳಲ್ಲೂ ತವರಿನ ಮೈದಾನಕ್ಕೆ ಮೂವತ್ತು ಸಾವಿರದಷ್ಟು ಜನ ಬರುವುದನ್ನು ಬಿಡಲಿಲ್ಲ.

ಭದ್ರಾವತಿಯವರಿಗೆ ಇದು ಬೇಗ ಅರ್ಥ ಆಗುತ್ತದೆ. ಸಂಡರ್‌ಲ್ಯಾಂಡ್ ಹಡಗು ಕಟ್ಟುತ್ತಿದ್ದ ಊರು, ಕಲ್ಲಿದ್ದಲು ತೆಗೆಯುತ್ತಿದ್ದ ಊರು. ಹಡಗಿನ ಕೆಲಸ 1988ಕ್ಕೆ ನಿಂತಿತು, ಮಾಂಕ್‌ವೇರ್‌ಮತ್ ಗಣಿ 1993ರಲ್ಲಿ ಮುಚ್ಚಿತು. ಆ ಗಣಿ ಇದ್ದ ಜಾಗದಲ್ಲೇ 1997ರಲ್ಲಿ ಈಗಿನ ಸ್ಟೇಡಿಯಂ ಆಫ್ ಲೈಟ್ ಕಟ್ಟಿದರು. ಹೊರಗೆ ಗಣಿ ಕಾರ್ಮಿಕರ ದೀಪದ ಸ್ಮಾರಕ ಇದೆ. ನಮ್ಮಲ್ಲೂ 1923ರಲ್ಲಿ ಶುರುವಾದ ಕಬ್ಬಿಣದ ಕಾರ್ಖಾನೆಯ ಸೈರನ್ ಕೇಳಿಕೊಂಡೇ ಬೆಳೆದ ಊರು ಇದು, ಕಾಗದದ ಕಾರ್ಖಾನೆ ನಿಂತು ವರ್ಷಗಳಾದವು, ಕ್ವಾರ್ಟರ್ಸ್ ಖಾಲಿ ಆಗಿ ಗೆಳೆಯರ ಮನೆಗಳೆಲ್ಲ ಬೆಂಗಳೂರಿಗೆ ಹೋದವು. ಕೆಲಸ ಹೋದ ಮೇಲೆ ಊರಿಗೆ ಊರೇ ಸೇರುವ ಒಂದು ಜಾಗ ಉಳಿದಿದ್ದರೆ ಅದು ಎಷ್ಟು ದೊಡ್ಡದು ಅಂತ ನಮಗೆ ಗೊತ್ತು. ಆ ಮೈದಾನದಲ್ಲಿ ಸುಮಾರು 49 ಸಾವಿರ ಜನ ಕೂರುತ್ತಾರೆ, ವೆಸ್ಟ್ ಹ್ಯಾಮ್ ಪಂದ್ಯದ ಕೊನೆಯ ಅರ್ಧ ಗಂಟೆ ಅವರ ಕೂಗು ಫೋನಿನ ಸ್ಪೀಕರ್‌ನಲ್ಲೂ ಮೈ ಜುಮ್ಮೆನ್ನಿಸಿತು. ಸುಮ್ನೆ ಭಾವನೆಯ ಮಾತು ಅಂದುಕೊಳ್ಳಬೇಡಿ. 38 ಪಂದ್ಯದಲ್ಲಿ 19 ಅಲ್ಲೇ ನಡೆಯುತ್ತವೆ.

ಗೆದ್ದರೆ ಮೂರು ಪಾಯಿಂಟ್, ಡ್ರಾ ಆದರೆ ಒಂದು. ನನ್ನ ಲೆಕ್ಕ ಹೀಗಿದೆ. ತವರಿನಲ್ಲಿ ಎಂಟು ಗೆಲುವು, ಐದು ಡ್ರಾ ಅಂದರೆ 29 ಪಾಯಿಂಟ್. ಹೊರಗೆ ಒಂದು ಗೆಲುವು, ಆರು ಡ್ರಾ ಅಂದರೆ 9. ಒಟ್ಟು 38. ಕಳೆದ ವರ್ಷ 17ನೇ ಸ್ಥಾನದಲ್ಲಿ ಉಳಿದ ಟಾಟನ್‌ಹ್ಯಾಮ್‌ಗೆ ಇದ್ದದ್ದೂ 38. ಕೆಳಗಿಳಿದವರಲ್ಲಿ ಮೇಲಿದ್ದ ಲೆಸ್ಟರ್ 25, ಹಾಗಾಗಿ 26 ಇದ್ದಿದ್ದರೂ ಸಾಕಿತ್ತು. 40 ಪಾಯಿಂಟ್ ಆಗಲೇಬೇಕು ಅನ್ನುವ ಹಳೇ ಮಾತು ಈಗ ಅಷ್ಟು ಸರಿ ಇಲ್ಲ, 2002-03ರಲ್ಲಿ ವೆಸ್ಟ್ ಹ್ಯಾಮ್ 42 ಇದ್ದೂ ಬಿದ್ದಿತ್ತು ಅನ್ನೋದು ಬೇರೆ ಮಾತು.

ಭಯ ಇರುವುದು ಡಿಸೆಂಬರ್ ಬಗ್ಗೆ. ಇದನ್ನು ನಿಮ್ಮ ಮುನ್ನೋಟ ಹೇಳಲೇ ಇಲ್ಲ. ಆಫ್ರಿಕಾದ ದೇಶಗಳು ಆಡುವ ಆಫ್ರಿಕಾ ಕಪ್ ಈ ಸಲ ಮೊರಾಕೊದಲ್ಲಿ ಡಿಸೆಂಬರ್ 21ರಿಂದ ಜನವರಿ 18ರ ತನಕ ಇದೆ. ಇಂಗ್ಲೆಂಡಿನಲ್ಲಿ ಅದೇ ಹೊತ್ತಿಗೆ ಕ್ರಿಸ್‌ಮಸ್, ಹೊಸ ವರ್ಷದ ಸುತ್ತ ಪಂದ್ಯಗಳ ಮೇಲೆ ಪಂದ್ಯ. ಡಿಯಾರಾ ಸೆನೆಗಲ್‌ನವರು, ಸದಿಕಿ ಮತ್ತು ಮಸುವಾಕು ಕಾಂಗೊ, ಅಡಿಂಗ್ರಾ ಐವರಿ ಕೋಸ್ಟ್, ತಾಲ್ಬಿ ಮೊರಾಕೊ, ರೈನಿಲ್ಡೊ ಮೊಜಾಂಬಿಕ್. ಇವರೆಲ್ಲರಿಗೂ ಕರೆ ಬಂದರೆ ಅರ್ಧ ತಂಡವೇ ಇಲ್ಲದ ಹಾಗೆ. ಡಿಸೆಂಬರ್ ಮಧ್ಯದಲ್ಲಿ ಪಕ್ಕದೂರಿನ ಎದುರಾಳಿ ನ್ಯೂಕ್ಯಾಸಲ್ ವಿರುದ್ಧ 2016ರ ನಂತರದ ಮೊದಲ ಲೀಗ್ ಡರ್ಬಿ ಬೇರೆ ಇದೆ. ಹಾಗಾಗಿ ಆ ಹೊತ್ತಿಗೆ ಕೈಯಲ್ಲಿ 20 ಪಾಯಿಂಟ್ ಇರಬೇಕು, ಇಲ್ಲದಿದ್ದರೆ ಜನವರಿ ಕೊನೆಯಲ್ಲಿ ಪಟ್ಟಿ ನೋಡಿದಾಗ ಕಷ್ಟ ಆಗುತ್ತದೆ. ಖರೀದಿಗೆ ಇನ್ನೂ ಒಂದು ವಾರ ಇದೆ, ಮುಂದಿನ ಸಾಲಿಗೆ ಒಬ್ಬ ಗಟ್ಟಿಮುಟ್ಟಾದ ಆಟಗಾರ ಬರಬೇಕು. ಕೋಚ್ ರೆಗಿಸ್ ಲೆ ಬ್ರಿ 2024ರಲ್ಲಿ ಫ್ರಾನ್ಸಿನಲ್ಲಿ ಲೋರಿಯಾಂ ಜೊತೆ ಕೆಳಗಿಳಿದ ಅನುಭವ ಉಳ್ಳವರು. ಅದನ್ನು ಅವರ ವಿರುದ್ಧ ಹೇಳುವವರು ಇದ್ದಾರೆ. ಕೆಟ್ಟ ಜನವರಿ ಹೇಗಿರುತ್ತದೆ ಅಂತ ಗೊತ್ತಿರುವ ಕೋಚ್ ಅಂತ ನಾನು ನೋಡುತ್ತೇನೆ. ಕ್ಲಬ್‌ನವರು ನಾಲ್ಕು ಪಂದ್ಯ ಸೋತ ಕೂಡಲೇ ಅವರನ್ನು ಕಳಿಸದಿದ್ದರೆ ಸಾಕು.

ಲೀಡ್ಸ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎವರ್ಟನ್ ವಿರುದ್ಧ 1-0 ಗೆದ್ದು, ಐದು ದಿನ ಬಿಟ್ಟು ಆರ್ಸೆನಲ್ ಕೈಯಲ್ಲಿ 5-0 ಸೋತಿದ್ದಾರೆ, ಅವರ ವರ್ಷ ಹೀಗೇ ಏರಿಳಿತದಲ್ಲಿ ಹೋಗಿ ಹೇಗೋ ಉಳಿಯಬಹುದು. ಬರ್ನ್ಲಿ ಕಳೆದ ವರ್ಷ 46 ಪಂದ್ಯದಲ್ಲಿ ಬರೀ 16 ಗೋಲು ಬಿಟ್ಟಿದ್ದರು, ಊಹಿಸಲಾಗದ ಲೆಕ್ಕ ಅದು, ಆದರೆ ಈ ಸಲ ಟಾಟನ್‌ಹ್ಯಾಮ್ ಮೊದಲ ದಿನವೇ ಮೂರು ಹೊಡೆಯಿತು. ಮೂವರಲ್ಲಿ ನನಗೆ ಚಿಂತೆ ಇರುವುದು ಇವರ ಬಗ್ಗೆಯೇ.

ಕೊನೆಯದಾಗಿ ನಮ್ಮ ದೇಶದ ವಿಷಯ, ಇದಕ್ಕೆ ನಿಮ್ಮ ಪುಟದಲ್ಲಿ ಜಾಗ ಬೇಕೇ ಬೇಕು. ಬಡ್ತಿ ಪಡೆದ ಕ್ಲಬ್ ನಮ್ಮಲ್ಲೂ ಇದೆ. 2023ರಲ್ಲಿ ಪಂಜಾಬ್ ಎಫ್‌ಸಿ ಎರಡನೇ ಹಂತದ ಐ-ಲೀಗ್ ಗೆದ್ದು ಮೊದಲ ಹಂತದ ಇಂಡಿಯನ್ ಸೂಪರ್ ಲೀಗ್‌ಗೆ (ಐಎಸ್‌ಎಲ್) ಬಂದ ಮೊದಲ ತಂಡ. ಮೊದಲ ಗೆಲುವಿಗೆ ಡಿಸೆಂಬರ್ ತನಕ ಕಾದರು, ಆದರೂ ಕೋಚ್ ವೆರ್ಗೆಟಿಸ್ ಅವರನ್ನು ಬದಲಿಸಲಿಲ್ಲ, ಎಂಟನೇ ಸ್ಥಾನಕ್ಕೆ ಬಂದರು. ಮರುವರ್ಷ 1891ರಲ್ಲಿ ಹುಟ್ಟಿದ ಮೊಹಮಡನ್ ಸ್ಪೋರ್ಟಿಂಗ್ ಬಂತು, ಸಂಬಳ ಸಿಗದೆ ಕೋಚ್ ಚೆರ್ನಿಶೋವ್ ಜನವರಿಯಲ್ಲಿ ಬಿಟ್ಟು ಹೋದರು, 24 ಪಂದ್ಯದಲ್ಲಿ ಎರಡೇ ಗೆಲುವು, ಕೊನೆಯ ಸ್ಥಾನ. ಈ ವರ್ಷ ವಾರಾಣಸಿಯ ಇಂಟರ್ ಕಾಶಿ. ಚರ್ಚಿಲ್ ಬ್ರದರ್ಸ್ ಜೊತೆಗಿನ ತಕರಾರು ಸ್ವಿಟ್ಜರ್ಲೆಂಡ್‌ನ ಕ್ರೀಡಾ ನ್ಯಾಯಮಂಡಳಿ ತನಕ ಹೋಗಿ ಜುಲೈನಲ್ಲಿ ಚಾಂಪಿಯನ್ ಅಂತ ತೀರ್ಪು ಬಂತು. ಅದೇ ತಿಂಗಳು ಐಎಸ್‌ಎಲ್ ನಿಂತುಹೋಯಿತು, ಯಾಕೆಂದರೆ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಮತ್ತು ಲೀಗ್ ನಡೆಸುವ ಕಂಪನಿ ನಡುವಿನ ಒಪ್ಪಂದ ಡಿಸೆಂಬರ್ 8ಕ್ಕೆ ಮುಗಿಯುತ್ತದೆ. ಬೆಂಗಳೂರು ಎಫ್‌ಸಿ ಕೂಡ ಆಟಗಾರರ, ಸಿಬ್ಬಂದಿಯ ಸಂಬಳ ತಡೆಹಿಡಿದಿದೆ. ಮೇಲಕ್ಕೆ ಬಂದ ತಂಡ ಯಾರನ್ನು ಕೊಳ್ಳಬೇಕು, ಎಷ್ಟು ವರ್ಷಕ್ಕೆ, ಯಾವ ನಂಬಿಕೆಯ ಮೇಲೆ? ಸಂಡರ್‌ಲ್ಯಾಂಡ್‌ಗೆ ಮೇ 24ರಿಂದ ಆಗಸ್ಟ್ 16ರ ತನಕ ಹನ್ನೆರಡು ವಾರ ಸಿಕ್ಕಿತು, ಮೊದಲ ಪಂದ್ಯ ಯಾವ ದಿನ, ಯಾರ ಜೊತೆ ಅಂತ ಜೂನ್‌ನಲ್ಲೇ ಗೊತ್ತಿತ್ತು. ಇಂಟರ್ ಕಾಶಿಗೆ ಇವತ್ತಿಗೂ ತಾರೀಖೇ ಇಲ್ಲ.

ಕರ್ನಾಟಕದವರಿಗೆ ಇದು ದೂರದ ಮಾತಲ್ಲ. ಎಸ್‌ಸಿ ಬೆಂಗಳೂರು 2024ರಲ್ಲಿ ಮೂರನೇ ಹಂತದ ಐ-ಲೀಗ್ 2 ಗೆದ್ದು ಐ-ಲೀಗ್‌ಗೆ ಹತ್ತಿತು, ಒಂದೇ ವರ್ಷಕ್ಕೆ ಇಳಿಯಿತು. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ನಮ್ಮ ರಾಜ್ಯದ ಹುಡುಗರು 54 ವರ್ಷಗಳ ನಂತರ ಸಂತೋಷ್ ಟ್ರೋಫಿ ತಂದರು, ಅಂಥವರಿಗೆ ಆಡಲು ಬೆಂಗಳೂರಿನಲ್ಲಿ ಇನ್ನೊಂದು ಗಟ್ಟಿ ಕ್ಲಬ್ ಬೇಕು, ಮುಂದೆ ಒಂದು ದಿನ ಶಿವಮೊಗ್ಗದಿಂದಲೂ ಒಂದು ಬರಬೇಕು. ನಿಮ್ಮ ವರದಿಗಾರರು ಬೆಂಗಳೂರಿನಲ್ಲೇ ಇದ್ದಾರೆ. ದಯವಿಟ್ಟು ಎಸ್‌ಸಿ ಬೆಂಗಳೂರಿನವರನ್ನು ಮಾತನಾಡಿಸಿ. ಬಡ್ತಿ ಸಿಕ್ಕ ದಿನದಿಂದ ಮೊದಲ ಪಂದ್ಯದ ತನಕ ಅವರಿಗೆ ಎಷ್ಟು ಸಮಯ, ಎಷ್ಟು ಹಣ ಸಿಕ್ಕಿತ್ತು, ಎಷ್ಟು ಆಟಗಾರರು ಉಳಿದರು, ಎಷ್ಟು ಜನ ಹೋದರು ಅಂತ ಕೇಳಿ ಬರೆಯಿರಿ. ಅರ್ಧ ಪುಟ ಆದರೂ ಆಗಲಿ, ನಾವು ಓದುತ್ತೇವೆ.

ಇಂತಿ,
ನಿಮ್ಮ ಓದುಗ
ಹಳೇನಗರ, ಭದ್ರಾವತಿ